ಚಕ್ಕೆಯ ಹಕ್ಕಿ

ಬೇತ್ ಸಾಹೂರಿನ ಇಳಿಜಾರು ಓಣಿಯಲ್ಲಿ
ನಜ್ಲಾ ಅತ್ತೆಯ ಕಾರ್ಖಾನೆ ಎಂದರೆ
ಒಂದು ಗರಗಸ, ಎರಡು ಬೆಂಚು, ಕೆಮ್ಮುವ ಮೋಟಾರು.
ಜೊತೆಗೆ ನಾನು, ಮರಳು ಕಾಗದದ ಹುಡುಗಿ,
ಹನ್ನೊಂದು ವರ್ಷ,
ರೆಪ್ಪೆಯ ಮೇಲೂ ಆಲಿವ್ ಮರದ ಹೊಟ್ಟು.

ಅಪ್ಪ ಶಿಲುಬೆ ಮಾಡುತ್ತಿದ್ದ.
ಉದ್ದಕ್ಕೊಂದು ಪಟ್ಟಿ, ಅಡ್ಡಕ್ಕೊಂದು,
ನೂಲು ಹಿಡಿದರೂ ಕೂದಲೆಳೆಯಷ್ಟು ಆಚೀಚೆ ಇಲ್ಲ.
ಮೈ ಮಾತ್ರ ಕೆತ್ತುತ್ತಿರಲಿಲ್ಲ.
ಅದು ನಜ್ಲಾ ಅತ್ತೆಯ ಪಾಲು:
ವಾಲಿದ ಕತ್ತು, ಎಣಿಸಬಹುದಾದ ಪಕ್ಕೆಲುಬು,
ಅಂಗೈಗೆ ಗುಂಡುಸೂಜಿಗಿಂತ ಸಣ್ಣ ಮೊಳೆ.

‘ಮರ ನಿನ್ನದು, ಮನುಷ್ಯ ನನ್ನವನು’
ಕೂಲಿ ಎಣಿಸುತ್ತ ಅವಳು ನಗುತ್ತಿದ್ದಳು.
ಅಪ್ಪನೂ ನಗುತ್ತಿದ್ದ, ಬಿಟ್ಟುಕೊಡದೆ:
‘ನನ್ನವನೂ ಹೌದು. ಅಲ್ಲಿ ಇರಲಿಲ್ಲ, ಅಷ್ಟೆ.’

ಒಂದು ಚಳಿಗಾಲ ನಲವತ್ತು ಗೋದಲಿ ಬೇಕೆಂದು
ಪೋಲೆಂಡಿನಿಂದ ಆರ್ಡರು ಬಂತು.
ಹಸು, ಕತ್ತೆ, ಕುರುಬರು, ಹುಲ್ಲಿನ ಮೇಲೆ ಕೂಸು.
ಅಪ್ಪ ಒಂದರಲ್ಲಿ ಸದ್ದಿಲ್ಲದೆ
ಖರ್ಜೂರದ ಮರ ನಿಲ್ಲಿಸಿದ.

‘ಇದೆಲ್ಲಿಂದ ಬಂತು?’
‘ಒಬ್ಬಳೇ ಇದ್ದಳಲ್ಲ ಮರ್ಯಮ್,
ನೋವು ಬಂದಾಗ ಒರಗಲಿಕ್ಕೆ ಬೇರೇನಿತ್ತು?’
‘ಒಬ್ಬಳೇ? ಹಾಗಾದರೆ ಯೋಸೇಫನನ್ನು ಎಲ್ಲಿಗೆ ಅಟ್ಟಿದೆ?’

ಅಪ್ಪ ಉಳಿ ಒರೆಸಿಕೊಂಡ.
ನಮ್ಮ ಗ್ರಂಥದಲ್ಲಿ ಆ ಬಡಗಿಯ ಸುದ್ದಿಯೇ ಇಲ್ಲ.
ತಾನೇ ಬಡಗಿಯಾದವನಿಗೆ
ಅದು ಒಳಗೊಳಗೇ ಚುಚ್ಚಿರಬೇಕು.

ಅವಳ ಕೂಸು ಎಲ್ಲ ಕೂಸುಗಳ ಹಾಗೆ ಅತ್ತಿತು.
ನಮ್ಮದು ತೊಟ್ಟಿಲಲ್ಲೇ ಬಾಯಿಬಿಟ್ಟು
ತಾಯಿಯ ಮಾನ ಕಾಯಿತು.
ಯಾವುದು ಹೆಚ್ಚಿನದೋ ನನಗಿನ್ನೂ ತಿಳಿದಿಲ್ಲ:
ದೇವರೇ ಮಾತು ಬಾರದೆ ಅಳುವುದೋ,
ಮನುಷ್ಯರ ಕೂಸು ಮಾತಾಡುವುದೋ.

ಆಮೇಲೆ ಅವಳ ಫಾದಿ ಹಾಸಿಗೆ ಹಿಡಿದ.
ರಕ್ತದ ಕಾಯಿಲೆ, ಮೂರು ತಿಂಗಳು,
ಇಪ್ಪತ್ತೆರಡು ದಾಟಲಿಲ್ಲ.
ಮಣ್ಣಾದ ಮೇಲೆ ಅವಳು ಕೆತ್ತಿದ ಮೈಗಳಲ್ಲಿ
ಪಕ್ಕೆಲುಬಿನ ಗೀರು ಆಳವಾಗುತ್ತ ಹೋಯಿತು,
ಎರಡು ಸೀಳಿಯೇ ಹೋದವು.

ಸಮಾಧಾನ ಹೇಳಲು ಹೋದ ಅಪ್ಪ:
‘ದೇವರು ತನ್ನವರನ್ನು ಕೈಬಿಡುವುದಿಲ್ಲ ನಜ್ಲಾ,
ಮೊಳೆ ತಾಕುವ ಮೊದಲೇ ಅವನನ್ನು ಎತ್ತಿಕೊಂಡ.’

ಅವಳು ಉಳಿ ಕೆಳಗಿಟ್ಟಳು.
‘ನನ್ನ ಮಗನನ್ನು ಯಾರು ಎತ್ತಿಕೊಂಡರು ಝುಹೈರ್?
ನನಗೆ ಮೊಳೆ ಬಿದ್ದವನೇ ಬೇಕು.
ಆ ರಾತ್ರಿಗಳಲ್ಲಿ ಮಂಚದ ಪಕ್ಕ ಕೂರಲು
ನೋವು ಗೊತ್ತಿದ್ದವನು.’

ಅಪ್ಪ ಮೋಟಾರು ಹಾಕಿದ.
ಅದು ಕೆಮ್ಮಿತು, ತುಂಬ ಹೊತ್ತು.

ಮತ್ತೆ ಬರುತ್ತಾನೆ ಎಂಬಲ್ಲಿ ಇಬ್ಬರದೂ ಒಂದೇ ಮಾತು.
ಬಂದು ಏನು ಮಾಡುತ್ತಾನೆ ಎಂಬಲ್ಲಿ
ಚಹಾ ಆರುವ ತನಕ ಜಗಳ.
‘ಶಿಲುಬೆ ಮುರಿಯುತ್ತಾನಂತೆ ನಿಮ್ಮವನು.
ಮುರಿಯಲಿ ಬಿಡು, ರಿಪೇರಿಗೆ ನೀನಿದ್ದೀಯಲ್ಲ!’
ವರ್ಷವಾದ ಮೇಲೆ ಮೊದಲ ಸಲ ನಕ್ಕಳು ಅಂದು.

ಮಿಕ್ಕ ಚಕ್ಕೆಗಳಲ್ಲಿ ಅಪ್ಪ ಹಕ್ಕಿ ಮಾಡುತ್ತಿದ್ದ,
ಮಾರಾಟಕ್ಕಲ್ಲ.
ಈಸಾ ಮಣ್ಣಿನ ಹಕ್ಕಿ ಮಾಡಿ ಉಸಿರೂದಿದ,
ದೇವರ ಅಪ್ಪಣೆಯಿಂದ ಅದು ಹಾರಿತು ಎನ್ನುತ್ತಿದ್ದ.
‘ಅಪ್ಪಣೆ ಯಾಕೆ, ಅವನೇ ದೇವರು’ ಎನ್ನುವಳು ಅತ್ತೆ,
‘ಅಲ್ಲದೆ ಈ ಕಥೆ ನಮ್ಮ ಪುಸ್ತಕದಲ್ಲೇ ಇಲ್ಲ.’
ಎಂದರೂ ಒಂದನ್ನು ಕಿಟಕಿಯಲ್ಲಿಟ್ಟುಕೊಂಡಳು.

ಈಗ ಇಬ್ಬರೂ ಇಲ್ಲ. ಬೇರೆ ಬೇರೆ ಗುಡ್ಡದಲ್ಲಿ ಮಲಗಿದ್ದಾರೆ.
ಅತ್ತೆಯ ಬೆರಳು ಸೊಟ್ಟಗಾದ ಮೇಲೆ ಉಳಿದುಹೋದ
ಮೈಯಿಲ್ಲದ ಶಿಲುಬೆಗಳು ಒಂದು ಪೆಟ್ಟಿಗೆ ತುಂಬ.
ಮೊನ್ನೆ ಯಾರೋ ಜರ್ಮನಿಯವರು ಅಷ್ಟನ್ನೂ ಕೊಂಡರು.
‘ನಮ್ಮಲ್ಲಿ ಹೀಗೆಯೇ, ಖಾಲಿ’ ಎಂದರು,
‘ಅವನು ಎದ್ದುಹೋದನಲ್ಲ.’

ಲೆಕ್ಕ ಬರೆದುಕೊಂಡೆ.
ಅಪ್ಪ ಕೇಳಿದ್ದರೆ ಏನನ್ನುತ್ತಿದ್ದನೋ,
ಅತ್ತೆ ಬೈಯುತ್ತಿದ್ದಳೋ.

ಕಿಟಕಿಯ ಹಕ್ಕಿಯ ಮೇಲೆ ಹೊಟ್ಟು ಕೂತಿದೆ.
ಬಗ್ಗಿ ಊದುತ್ತೇನೆ.
ಹೊಟ್ಟು ಹಾರುತ್ತದೆ.
ಹಕ್ಕಿ ಅಲ್ಲೇ ಇದೆ.